ಐದು ಅಂಜೂರ ನಾಶವಾದ ಬಗೆ

ತಪಾಸಣೆ ಶುಲ್ಕದ ರಸೀದಿ ಬಂದ ದಿನ ಸುನಂದಾ ಅದನ್ನು ಮೂರು ಸಲ ಓದಿದಳು. ಕಟ್ಟಿದ ಮೊತ್ತವನ್ನಲ್ಲ, ಅದು ಒಂದು ಸಲ ಓದಿದರೇ ಎದೆ ಝಲ್ಲೆನ್ನುವಂತಿತ್ತು. ಅವಳು ಓದಿದ್ದು ಮೇಲಿನ ಸಾಲನ್ನು. ‘ಆಮದುದಾರರು: ಶ್ರೀಮತಿ ಸುನಂದಾ, ಹುನಗುಂದ.’ ಐವತ್ತೆರಡು ವರ್ಷದಲ್ಲಿ ಅವಳ ಹೆಸರು ಹೊತ್ತ ಯಾವ ಕಾಗದವೂ ಇಂಥವರ ಮಗಳು, ಇಂಥವರ ಹೆಂಡತಿ ಎಂಬ ಬಾಲವಿಲ್ಲದೆ ಬಂದಿರಲಿಲ್ಲ. ಸರ್ಕಾರ ಮರೆತಿರಬಹುದೇನೋ ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮರೆತಿರಲಿಲ್ಲ. ಆ ಕಾಗದದಲ್ಲಿ ಗಂಡನ ಹೆಸರಿಗೆ ಜಾಗವೇ ಇರಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ “ಆಮದುದಾರಳು” ಎಂದು ಮೆಲ್ಲಗೆ ಹೇಳಿಕೊಂಡಳು. ಅವತ್ತಿನ ರೊಟ್ಟಿ ಎಂದಿಗಿಂತ ದುಂಡಗಾಯಿತು.

ಆಮದಾದದ್ದು ಹನ್ನೆರಡು ಅಂಜೂರದ ಸಸಿ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಬದಿಗೆ ಅವರ ಮನೆ. ಮನೆಯ ಹಿತ್ತಲಲ್ಲಿ ಸುನಂದಾಳ ಪುಟ್ಟ ನರ್ಸರಿ. ಹತ್ತು ವರ್ಷದಿಂದ ಕರಿಬೇವು, ಮಲ್ಲಿಗೆ, ಪೇರಲ, ನಿಂಬೆ ಮಾರುತ್ತಿದ್ದಳು. ಅವೆಲ್ಲ ಯಾರ ಹಿತ್ತಲಲ್ಲಾದರೂ ಇರುವಂಥವು. ಈ ಸೀಮೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ಗಿಡ ತನ್ನಲ್ಲಿರಬೇಕು, ಜನ ಅದನ್ನು ಕೇಳಿಕೊಂಡು ತನ್ನ ಗೇಟಿಗೇ ಬರಬೇಕು ಎಂಬ ಆಸೆ ಅವಳೊಳಗೆ ಯಾವಾಗ ಬೇರು ಬಿಟ್ಟಿತೋ ಅವಳಿಗೇ ತಿಳಿಯದು. ಫೋನಿನಲ್ಲಿ ಕಡುಗೆಂಪು ತಿರುಳಿನ ಹೊರದೇಶದ ಅಂಜೂರ ಕಂಡ ದಿನ ಆ ಆಸೆಗೆ ಒಂದು ರೂಪ ಬಂತು. ಮುಂಬೈಯ ಏಜೆಂಟನ ಮೂಲಕ ಪರವಾನಗಿ ಮಾಡಿಸಿ ತರಿಸಿಯೇಬಿಟ್ಟಳು.

ಹೊರದೇಶದ ಗಿಡವೆಂದರೆ ಅದರ ಜೊತೆ ಕಣ್ಣಿಗೆ ಕಾಣದ ರೋಗವೋ ಹುಳವೋ ಬಂದಿರಬಹುದು. ಇಲ್ಲಿನ ತೋಟಗಳಿಗೆ ಹಬ್ಬಿದರೆ ತಡೆಯುವುದು ಯಾರ ಕೈಲೂ ಆಗದು. ಆದ್ದರಿಂದ ಬಂದರಿನಲ್ಲಿ ಒಂದು ತಪಾಸಣೆ. ಆಮೇಲೆ ಕೆಲವು ತಿಂಗಳು ಅವನ್ನು ಸೊಳ್ಳೆಪರದೆಯಂಥ ಬಲೆಮನೆಯಲ್ಲಿ ಬೇರೆಯಾಗಿ ಬೆಳೆಸಬೇಕು. ಬಾಗಲಕೋಟೆಯಿಂದ ಸಸ್ಯರೋಗ ತಜ್ಞರು ಬಂದು ನೋಡಬೇಕು. ತಪಾಸಣೆಗೊಂದು ಶುಲ್ಕ, ಕಟ್ಟಬೇಕಾದವರು ಆಮದುದಾರರು. ಎಲ್ಲ ಸರಿಯಿದ್ದರೆ ಬಿಡುಗಡೆ ಪತ್ರ. ಇಲ್ಲದಿದ್ದರೆ ಹನ್ನೆರಡನ್ನೂ ಸುಡಬೇಕು. ಇದನ್ನೆಲ್ಲ ಏಜೆಂಟ ಮೊದಲೇ ಹೇಳಿದ್ದನಂತೆ. ಸುನಂದಾಳ ಕಿವಿಗೆ ಆಗ ಬಿದ್ದದ್ದು ಹಣ್ಣಿನ ಬಣ್ಣವೊಂದೇ.

ಅವಳ ಗಂಡ ವಿಜಯಮಹಾಂತೇಶ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ರಸೀದಿ ನೋಡಿ ಕನ್ನಡಕ ಹಣೆಗೇರಿಸಿದ.

“ಮನಷ್ಯಾರನ್ನ ನೋಡಾಕ ನಮ್ಮ ದವಾಖಾನ್ಯಾಗ ಇನ್ನೂರು ರೂಪಾಯಿ. ಗಿಡಾ ನೋಡಾಕ ಇಷ್ಟ? ನಾಲಿಗಿ ಚಾಚು ಅಂದ್ರ ಚಾಚತಾವೇನು ಅವು?”

“ಹೋದ ಸಲ ಜ್ವರಾ ಬಂದಾಗ ನೀವರ ಎಲ್ಲಿ ಚಾಚಿದ್ರಿ? ಡಾಕ್ಟರು ಬೈದು ಕಳಿಸಿದ್ರು” ಎಂದಳು ಸುನಂದಾ. ಆಮದುದಾರಳಾದ ಮೇಲೆ ಅವಳ ಮಾತಿಗೆ ಸ್ವಲ್ಪ ಖಾರ ಕೂಡಿಕೊಂಡಿತ್ತು.

ಗಂಡನನ್ನು ಸುಮ್ಮನಾಗಿಸುವುದು ಸುಲಭ. ಅತ್ತೆ ಸಾವಿತ್ರೆವ್ವನದು ಬೇರೆ ತಕರಾರು. ದುಡ್ಡಿನದಲ್ಲ, ಧರ್ಮದ್ದು.

ಸಾವಿತ್ರೆವ್ವ ಬಸವಣ್ಣನನ್ನು ನಂಬಿದ ಮನೆತನದವಳು. ಅವಳ ಮನೆಯಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂತವರಲ್ಲ. ಹುಟ್ಟಿದರೂ ಸೂತಕವಿಲ್ಲ, ಸತ್ತರೂ ಸೂತಕವಿಲ್ಲ. ಎಂಬತ್ತರ ಹತ್ತಿರದ ಈ ವಯಸ್ಸಿನಲ್ಲಿ ಅವಳಿಗೆ ಉಳಿದ ದೊಡ್ಡ ಹೆಮ್ಮೆ ಅದು. ಅಂಥವಳ ಕಣ್ಣೆದುರಿಗೆ, ಅವಳದೇ ಹಿತ್ತಲಲ್ಲಿ, ಹನ್ನೆರಡು ಜೀವಗಳನ್ನು ಪರದೆಯೊಳಗೆ ಹಾಕಿ ಮುಟ್ಟಬಾರದು ಎಂದರೆ!

“ಹಡದ ಬಾಣಂತಿನ್ನ ಸೈತ ಬ್ಯಾರೆ ಕುಂದ್ರಸಿಲ್ಲ ನಾವು” ಎಂದಳು. “ಈ ಬದಾಮ್ಯಾಕಿ ಬಂದು ಗಿಡಕ್ಕ ಮೈಲಿಗಿ ಹಚ್ಚಿದ್ಲು ನೋಡ. ಅದೂ ರೊಕ್ಕಾ ಕೊಟ್ಟು!”

ಬದಾಮ್ಯಾಕಿ ಎಂದರೆ ಸುನಂದಾ. ಬಾದಾಮಿಯಿಂದ ಮದುವೆಯಾಗಿ ಬಂದು ಮೂವತ್ತು ವರ್ಷವಾದರೂ ಅತ್ತೆಯ ಬಾಯಲ್ಲಿ ಅವಳ ಹೆಸರು ಅದೇ.

“ಮೈಲಿಗಿ ಅಲ್ರಿ ಅತ್ಯಾರ, ರೋಗ ಐತೇನಂತ ನೋಡೂದು.”

“ರೋಗ ಐತೇನು?”

“ಇಲ್ರಿ.”

“ಮತ್ತ?”

ಸುನಂದಾ ನೀರಿನ ಕೊಡ ಎತ್ತಿಕೊಂಡು ಬಲೆಮನೆಗೆ ಹೋದಳು.

ಸಾವಿತ್ರೆವ್ವ ತನಗೆ ತಿಳಿದದ್ದನ್ನು ಮಾಡಿದಳು. ತಜ್ಞೆ ಭಾಗ್ಯಜ್ಯೋತಿ ಬಾಗಲಕೋಟೆಯಿಂದ ಜೀಪಿನಲ್ಲಿ ಬಂದಿಳಿದು, ಬಲೆಮನೆಯ ಬಾಗಿಲು ತೆಗೆದು ಎಣಿಸಿದಾಗ ಗಿಡಗಳು ಹನ್ನೊಂದು. ಮತ್ತೆ ಎಣಿಸಿದರೂ ಹನ್ನೊಂದು. ಹನ್ನೆರಡನೆಯದು ಮುಂಬಾಗಿಲ ಕಟ್ಟೆಯ ಮೇಲೆ ದಾಸವಾಳದ ಮಗ್ಗುಲಿಗೆ ಕೂತು ಬಿಸಿಲು ಕಾಯಿಸುತ್ತಿತ್ತು. ಅದರ ಕುಂಡಕ್ಕೆ ಮೂರು ಬೆರಳಿನ ವಿಭೂತಿ ಪಟ್ಟೆ ಬೇರೆ.

“ಪರದೇಶದಿಂದ ಬಂದದ್ದು. ನಮ್ಮೊಳಗ ತಗೋಬ್ಯಾಡೇನು?” ಎಂದಳು ಸಾವಿತ್ರೆವ್ವ. “ಒಂದಕ್ಕ ದೀಕ್ಷಾ ಆಗೈತಿ. ಉಳದವಕ್ಕ ಸೋಮವಾರ ಮಾಡ್ತೇನಿ.”

ಭಾಗ್ಯಜ್ಯೋತಿಗೆ ಮೂವತ್ತು ದಾಟಿರಬಹುದು. ನಗುವ ಮುಖವಲ್ಲ. ಫಾರಮ್ಮಿನಲ್ಲಿ ಬರೆದೂ ಬರೆದು, ಪೆನ್ನಿನ ಮುಚ್ಚಳ ಹಾಕಿ, ಸುನಂದಾಳನ್ನು ಪಕ್ಕಕ್ಕೆ ಕರೆದಳು.

“ಅಕ್ಕಾರ, ಈ ತಪಾಸಣಿ ಲೆಕ್ಕಕ್ಕ ಬರೂದಿಲ್ಲ. ಮೂರು ತಿಂಗಳ ಬಿಟ್ಟು ಮತ್ತ ಬರ್ತೇನಿ, ಫೀ ಹೊಸದಾಗಿ ಕಟ್ಟಬೇಕು. ಎರಡ ಮಾತು ನೆನಪಿಡ್ರಿ. ಗಿಡಾ ಬಲೀ ದಾಟಬಾರದು. ಹಣ್ಣು ಬಿಟ್ರ ಅದು ನಿಮ್ಮ ಕಂಪೌಂಡ ದಾಟಬಾರದು, ನನ್ನ ಮುಂದ ಇಲ್ಲೇ ನಾಶ ಆಗಬೇಕು. ಇದರಾಗ ಒಂದು ತಪ್ಪಿದ್ರೂ ಹನ್ನೆರಡೂ ಸುಡಂತ ಬರೀಬೇಕಾಗ್ತೈತಿ. ಆಮ್ಯಾಲ ನನ್ನ ಕೈಯಾಗ ಏನೂ ಇರೂದಿಲ್ಲ.”

ಇಳಕಲ್ಲಿನ ಒಂದು ರೇಷ್ಮೆ ಸೀರೆಗಾಗಿ ಸುನಂದಾ ನಾಲ್ಕು ವರ್ಷದಿಂದ ಸಾಸಿವೆ ಡಬ್ಬಿಯ ಹಿಂದೆ ದುಡ್ಡು ಕೂಡಿಡುತ್ತಿದ್ದಳು. ಅದರ ಸೆರಗು ಮೊದಲನೆಯ ಶುಲ್ಕಕ್ಕೆ ಹೋಗಿತ್ತು. ಈಗ ಒಡಲೂ ಹೋಯಿತು.

ಆ ಸಂಜೆ ಅವಳು ಬಲೆಮನೆಯ ಮುಂದೆ ಕೂತು ಗಿಡಗಳನ್ನು ನೋಡಿದಳು. ಎಲೆಯ ಹಿಂದೆ ಮುಂದೆ, ಕಾಂಡ, ಬುಡ, ಬೇರು. ಹೊರಗಿನಿಂದ ಬಂದದ್ದನ್ನು ಎಷ್ಟು ಬಗೆಯಲ್ಲಿ ನೋಡುತ್ತಾರೆ! ಅವಳನ್ನೂ ನೋಡಿದ್ದರು. ಇದೇ ಸಾವಿತ್ರೆವ್ವ ಐದು ಜನ ಹೆಂಗಸರನ್ನು ಕಟ್ಟಿಕೊಂಡು ಬಾದಾಮಿಗೆ ಬಂದು, ಅಂಗಳದ ಈ ತುದಿಯಿಂದ ಆ ತುದಿಗೆ ನಡೆಸಿ, ಜಡೆ ಹಿಡಿದು ಜಗ್ಗಿ, ಸೂಜಿಗೆ ದಾರ ಪೋಣಿಸಲು ಹಚ್ಚಿದ್ದಳು. ಹಳೆಯ ದಿನಪತ್ರಿಕೆಯೊಂದನ್ನು ಗಟ್ಟಿಯಾಗಿ ಓದಿಸಿದ್ದಳು. ಅದು ಉಳ್ಳಾಗಡ್ಡಿ ದರದ ಸುದ್ದಿ, ಸುನಂದಾಳಿಗೆ ಇನ್ನೂ ನೆನಪಿದೆ. ಆ ತಪಾಸಣೆಗೆ ಯಾರೂ ಶುಲ್ಕ ಕಟ್ಟಿರಲಿಲ್ಲ. ಮೇಲಾಗಿ ಆರು ತಾಟು ಉಪ್ಪಿಟ್ಟು, ಎರಡು ಸಲ ಚಹಾ ತವರಿನವರದೇ ಖರ್ಚು. ಮದುವೆಯಾಗಿ ಬಂದ ಮೇಲೂ ಎಷ್ಟೋ ವರ್ಷ ಅವಳು ರೊಟ್ಟಿ ಬಡಿಯುವುದು, ನಗುವುದು, ತವರಿಗೆ ಹೋಗುವಾಗ ತಿರುಗಿ ನೋಡುವುದು ಎಲ್ಲವನ್ನೂ ಒಂದು ಜೋಡಿ ಕಣ್ಣು ನೋಡುತ್ತಲೇ ಇತ್ತು. ಬಿಡುಗಡೆ ಪತ್ರ ಮಾತ್ರ ಬಂದಿರಲಿಲ್ಲ. ಇದನ್ನೆಲ್ಲ ನೆನೆದು ಅವಳಿಗೆ ಅಳು ಬರಬೇಕಿತ್ತು, ಬಂದದ್ದು ನಗು. ಗಿಡಗಳ ಎದುರಿಗೆ ಒಬ್ಬಳೇ ನಕ್ಕಳು. ಅವು ಯಾರಿಗೂ ಹೇಳುವಂತಿರಲಿಲ್ಲ.

ಸೊಸೆಯ ಮುಖ ನೋಡಿಯೋ, ಸುಡುವ ಮಾತು ಕೇಳಿಯೋ ಸಾವಿತ್ರೆವ್ವನೂ ಮೆತ್ತಗಾಗಿದ್ದಳು. ಮರುದಿನ ಕೊರಳಿನ ಇಷ್ಟಲಿಂಗ ಮುಟ್ಟಿ, “ಇನ್ನ ಮ್ಯಾಲ ಆ ಗಿಡಾ ಮುಟ್ಟಿದ್ರ ಕೇಳವಾ” ಎಂದಳು. ಮುಟ್ಟಲೂ ಇಲ್ಲ. ಬಲೆಯ ಹೊರಗೆ ನಿಂತು ಅವುಗಳ ಜೊತೆ ಮಾತಾಡುತ್ತಿದ್ದಳು, ಅಷ್ಟೆ. ಮಾತಿಗೆ ಶುಲ್ಕವಿರಲಿಲ್ಲ.

ಎರಡನೆಯ ತಪಾಸಣೆಯ ಹೊತ್ತಿಗೆ ಮೂರು ಗಿಡಗಳಲ್ಲಿ ಸೇರಿ ಐದು ಹಣ್ಣು ಮಾಗಿದ್ದವು. ಸುನಂದಾ ಅವನ್ನು ದಿನಾ ನೋಡುತ್ತಿದ್ದಳು. ಒಮ್ಮೆ ಕೊಂಬೆ ಬಗ್ಗಿಸಿ ಒಂದನ್ನು ಮೂಗಿನ ತನಕ ತಂದು, ಕೈ ಬಿಟ್ಟಳು. ತಿಂದರೆ ತಿಳಿಯುವುದು ರುಚಿ. ತಿನ್ನದಿದ್ದರೆ ಉಳಿಯುವುದು ಹನ್ನೆರಡು ಗಿಡ.

ಆ ಬೆಳಗ್ಗೆ ಜೀಪಿನಿಂದ ಇಳಿದ ಭಾಗ್ಯಜ್ಯೋತಿಯನ್ನು ನೋಡಿ ಮೊದಲು ಕಣ್ಣರಳಿಸಿದವಳು ಸಾವಿತ್ರೆವ್ವ. ಮೂರು ತಿಂಗಳ ಹಿಂದೆ ವೇಲಿನ ಮರೆಯಲ್ಲಿದ್ದ ಹೊಟ್ಟೆ ಈಗ ವೇಲಿಗೆ ಮೀರಿ ಕಾಣುತ್ತಿತ್ತು.

“ಎಷ್ಟು ತಿಂಗಳಾದ್ವು ತಂಗಿ?”

“ಆರು ತುಂಬ್ಯಾವ್ರಿ ಅಮ್ಮಾರ” ಎಂದಳು ಭಾಗ್ಯಜ್ಯೋತಿ, ಸ್ವಲ್ಪ ನಾಚಿ. ಮರುಕ್ಷಣ ತಜ್ಞೆಯಾಗಿ, “ಎಲ್ಲಾ ಹನ್ನೆರಡೂ ಒಳಗ ಅದಾವಿಲ್ರಿ?” ಎಂದು ಕೇಳಿದಳು.

ಇದ್ದವು. ಒಂದು ತಾಸು ಅವಳು ಭೂತಗನ್ನಡಿ ಹಿಡಿದು ಎಲೆ ಎಲೆಯನ್ನೂ ನೋಡಿದಳು. ಸುನಂದಾ ಬಾಗಿಲಲ್ಲಿ ನಿಂತಿದ್ದಳು; ಒಂದೆರಡು ಸಲ ತಾನೂ ಬೆನ್ನು ನೆಟ್ಟಗೆ ಮಾಡಿಕೊಂಡಳು, ತನ್ನನ್ನೇ ನೋಡುತ್ತಿದ್ದಾರೆಂಬಂತೆ. ಕೊನೆಗೆ ಭಾಗ್ಯಜ್ಯೋತಿ ಐದು ಹಣ್ಣನ್ನೂ ಕತ್ತರಿಸಿ ಬುಟ್ಟಿಗೆ ಹಾಕಿ ಎದ್ದಳು.

“ಗಿಡಾ ಎಲ್ಲಾ ಚೊಕ್ಕ ಅದಾವ್ರಿ ಅಕ್ಕಾರ. ಇನ್ನ ಇಷ್ಟ ಕೆಲಸ. ನೀರು ಕುದೀಲಿ, ನನ್ನ ಮುಂದ ಈ ಹಣ್ಣು ಅದರಾಗ ಹಾಕಿ, ಹಿತ್ತಲದಾಗ ತಗ್ಗು ತಗದು ಮುಚ್ಚೂಣು. ಆಮ್ಯಾಲ ಸಹಿ. ಅಲ್ಲೀತನಕ ಒಂಚೂರು ಕುಂದರ್ತೇನಿ, ಕಾಲು ಬಾತಾವು.”

ಸುನಂದಾ ಬುಟ್ಟಿಯನ್ನು ಹಿತ್ತಲ ಬಾಗಿಲ ಕಟ್ಟೆಯ ಮೇಲಿಟ್ಟು, ಒಂದು ಒಲೆಗೆ ನೀರು, ಇನ್ನೊಂದಕ್ಕೆ ಚಹಾ ಇಟ್ಟಳು. ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು.

ಅದೇ ಹೊತ್ತಿಗೆ ಒಳಕೋಣೆಯಲ್ಲಿ ಸಾವಿತ್ರೆವ್ವನ ಸಂಕಟವೇ ಬೇರೆ. ಮನೆಗೆ ಬಂದ ಹೆಣ್ಣುಮಗಳನ್ನು, ಅದರಲ್ಲೂ ಬಸುರಿಯನ್ನು, ಉಡಿ ತುಂಬದೆ ಕಳಿಸುವುದುಂಟೇ? ಅಕ್ಕಿ ಇತ್ತು, ಕುಪ್ಪಸಕ್ಕೆ ಗುಳೇದಗುಡ್ಡದ ಖಣವಿತ್ತು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಎಲ್ಲ ಇದ್ದವು. ಹಣ್ಣಿರಲಿಲ್ಲ. ಬಾಳೆಹಣ್ಣು ತಾರೋ ಎಂದು ಮಗನಿಗೆ ನಿನ್ನೆಯಿಂದ ಹೇಳಿದ್ದಳು. ಅವನು ಬೆಳಿಗ್ಗೆ ಬರಿಗೈಯಲ್ಲಿ ನಿಂತು, “ಮರತೆ ಯವ್ವಾ, ಸಂಜಿಕ್ಕ ತರ್ತೇನಿ” ಎಂದು ಸಾಲಿಗೆ ಹೋಗಿದ್ದ. ಹಣ್ಣಿಲ್ಲದ ಉಡಿಯನ್ನು ಬಸುರಿಗೆ ಹೇಗೆ ತುಂಬುವುದು? ಸಾವಿತ್ರೆವ್ವ ಹಿತ್ತಲ ಬಾಗಿಲಿಗೆ ಬಂದಳು. ಕಟ್ಟೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಹಣ್ಣು. ಎಣಿಸಿದರೆ ಸರಿಯಾಗಿ ಐದು.

ಕುದಿಯುವ ನೀರಿನ ಪಾತ್ರೆ ಇಳಿಸಿಕೊಂಡು ಸುನಂದಾ ಬಂದಾಗ ಬುಟ್ಟಿ ಖಾಲಿ.

ಅವಳು ಪಾತ್ರೆ ಕೆಳಗಿಟ್ಟಳು. ಕಟ್ಟೆಯ ಕೆಳಗೆ ನೋಡಿದಳು, ಗೋಡೆಯ ಮೇಲೆ ನೋಡಿದಳು. ಕಾಗೆಯಿಲ್ಲ, ಕೋಳಿಯಿಲ್ಲ. ಹನ್ನೆರಡು ಗಿಡಕ್ಕೆ ಬೆಂಕಿ ಹಚ್ಚಿದ ಹೊಗೆ ಅವಳ ಕಣ್ಣಿಗೆ ಕಂಡೇಬಿಟ್ಟಿತು. ಆಗ ಪಡಸಾಲೆಯಿಂದ ಅತ್ತೆಯ ದನಿ ಕೇಳಿತು:

“ವೇಲು ಚಂದಾಗಿ ಒಡ್ಡವಾ ತಂಗಿ. ಹಾಂ, ಹಂಗ. ಗಂಡಾಗಲಿ ಹೆಣ್ಣಾಗಲಿ, ಹೂವು ಎತ್ತಿದಂಗ ಹಡಿ.”

ಸುನಂದಾ ಓಡಿದಳು. ಭಾಗ್ಯಜ್ಯೋತಿ ಕಣ್ಣು ಮುಚ್ಚಿ, ಹಣೆಯ ಕುಂಕುಮ ಮೂಗಿಗೆ ಉದುರಿಸಿಕೊಂಡು, ವೇಲಿನ ಎರಡು ಅಂಚನ್ನೂ ಹಿಡಿದು ನಿಂತಿದ್ದಳು. ಉಡಿಯಲ್ಲಿ ಅಕ್ಕಿ, ಅಕ್ಕಿಯ ಮೇಲೆ ಖಣ, ಖಣದ ಮೇಲೆ ಐದು ಅಂಜೂರ.

ಭಾಗ್ಯಜ್ಯೋತಿ ಕಣ್ಣು ತೆರೆದಳು, ಕೆಳಗೆ ನೋಡಿದಳು.

“ಅಮ್ಮಾರ, ಇವನ್ನ ಎಲ್ಲಿಂದ ತಂದ್ರಿ?”

“ಬುಟ್ಟ್ಯಾಗಿಂದ. ಇಷ್ಟ ಚಲೋ ಹಣ್ಣು ಕುದಿಸಿ ಮಣ್ಣಾಗ ಮುಚ್ಚತಾರೇನು ಯಾರರ?”

“ಅತ್ಯಾರ!” ಎಂದಳು ಸುನಂದಾ. “ಗಿಡಾ ಮುಟ್ಟಾಂಗಿಲ್ಲಂತ ಲಿಂಗ ಮುಟ್ಟಿ ಹೇಳಿದ್ರಿ.”

“ಗಿಡಾ ಎಲ್ಲಿ ಮುಟ್ಟೀನಿ? ಬುಟ್ಟಿ ಮುಟ್ಟೀನಿ.” ಸಾವಿತ್ರೆವ್ವನ ಮುಖದಲ್ಲಿ ಒಂದು ಸುಕ್ಕೂ ಅಲುಗಲಿಲ್ಲ.

ಭಾಗ್ಯಜ್ಯೋತಿ ಒಂದು ಹಣ್ಣು ಎತ್ತಿ ಹೊರಗಿಡಲು ಹೋದಳು. ಸಾವಿತ್ರೆವ್ವ ಹೌಹಾರಿ ಅವಳ ಮುಂಗೈ ಹಿಡಿದಳು.

“ಯವ್ವಾ! ಬಸುರಿ ಹೆಣ್ಣಮಗಳು ತುಂಬಿದ ಉಡಿಯಾಗಿಂದ ಹಣ್ಣು ತಗದು ಇಡ್ತಾಳೇನು? ನಿಮ್ಮವ್ವ ಏನೂ ಹೇಳಿಲ್ಲೇನು ನಿನಗ?”

ಭಾಗ್ಯಜ್ಯೋತಿಯ ತವರು ಪಟ್ಟದಕಲ್ಲು. ಅವ್ವ ಎಲ್ಲವನ್ನೂ ಹೇಳಿದ್ದಳು. ಹೇಳಿದ್ದನ್ನು ಇವಳು ಎಂದೂ ನಂಬಿದವಳಲ್ಲ. ಆದರೆ ಆರು ತಿಂಗಳಿಂದ ಯಾಕೋ ಸುಮ್ಮನೆ ಪರೀಕ್ಷೆ ಮಾಡಿ ನೋಡುವ ಧೈರ್ಯ ಕಡಿಮೆಯಾಗಿತ್ತು. ಕೈ ಹಣ್ಣಿನ ಮೇಲೇ ನಿಂತಿತು. ಉಡಿಯಿಂದ ಹಣ್ಣು ತೆಗೆಯುವಂತಿಲ್ಲ. ಉಡಿಯೊಡನೆ ಗೇಟು ದಾಟುವಂತೆಯೂ ಇಲ್ಲ.

“ಈಗೇನ ಮಾಡೂದ್ರಿ ಅಕ್ಕಾರ?” ಎಂದಳು ಸುನಂದಾಳ ಕಡೆ ತಿರುಗಿ, ಬಹಳ ಸಣ್ಣ ದನಿಯಲ್ಲಿ. “ಹಡಿಯೂತನಕ ಹಿಂಗ ಇಲ್ಲೇ ನಿಂದರ್ಲೇನು?”

“ನಿಂದ್ರು. ನಾ ಬಾಣಂತನ ಮಾಡ್ತೇನಿ” ಎಂದಳು ಸಾವಿತ್ರೆವ್ವ.

ಜೀಪಿನ ಚಾಲಕ ಇಮಾಮಸಾಬ ಬಾಗಿಲಿಗೆ ಬಂದು ಕೆಮ್ಮಿದ. “ಮೇಡಂ, ಹೊತ್ತಾತ್ರಿ. ಬದಾಮಿಗೂ ಹೋಗೂದೈತಿ.” ಮೂವರು ಹೆಂಗಸರೂ ಒಟ್ಟಿಗೆ ಅವನತ್ತ ನೋಡಿದ ರೀತಿಗೆ ಎರಡು ಹೆಜ್ಜೆ ಹಿಂದೆ ಸರಿದ.

ಸುನಂದಾಳ ತಲೆಯಲ್ಲಿ ಹನ್ನೆರಡು ಗಿಡ ಉರಿಯುತ್ತಲೇ ಇದ್ದವು. ಆ ಉರಿಯ ನಡುವೆ ಒಂದು ಮಾತು ಮೇಲೆದ್ದಿತು.

“ಮೇಡಂ, ನಾಶ ಮಾಡಬೇಕು ಅಂತಾರಲ್ರಿ, ಹೆಂಗ ಮಾಡಬೇಕಂತ ಬರದೈತಿ? ಒಮ್ಮೆ ಓದ್ರಿ.”

ಭಾಗ್ಯಜ್ಯೋತಿಯ ಎರಡೂ ಕೈ ಉಡಿಯಲ್ಲೇ. ಸುನಂದಾಳೇ ಫಾರಮ್ಮನ್ನು ಅವಳ ಕಣ್ಣೆದುರು ಹಿಡಿದಳು. ಅವಳು ಓದಿದಳು: “‘ತಜ್ಞರ ಸಮ್ಮುಖದಲ್ಲಿ, ಆವರಣದೊಳಗೆ, ಮತ್ತೆ ಮೊಳೆಯದಂತೆ ಹಾಗೂ ಹರಡದಂತೆ ಸಂಪೂರ್ಣವಾಗಿ ನಾಶಪಡಿಸತಕ್ಕದ್ದು.’ ಅಷ್ಟ ಐತ್ರಿ.”

“ಕುದಿಸಬೇಕಂತ ಇಲ್ಲಲ್ರಿ?”

“ಇಲ್ರಿ. ಕುದಿಸೂದು ನಮ್ಮ ರೂಢಿ.”

ಸುನಂದಾ ಅತ್ತೆಯ ಕಡೆ ತಿರುಗಿದಳು. “ಅತ್ಯಾರ, ಉಡಿ ತುಂಬಿಸಿಕೊಂಡಾಕಿ ಆ ಹಣ್ಣು ತಿಂದ್ರ ತಪ್ಪೇನ್ರಿ?”

“ತಪ್ಯಾಕ? ತಿನ್ನಾಕಂತನ ಕೊಡೂದು.”

“ನಾಕು ಮಂದಿಗೆ ಹಂಚಿದ್ರ?”

“ಇನ್ನೂ ಪುಣ್ಯ.”

ಭಾಗ್ಯಜ್ಯೋತಿ ಸುನಂದಾಳನ್ನೇ ನೋಡುತ್ತ ನಿಂತಳು. ಒಳಗೇ ಏನೋ ಲೆಕ್ಕ ಹಾಕುತ್ತಿರುವುದು ಕಾಣುತ್ತಿತ್ತು. “ಈ ಜಾತಿಗೆ ಮೊಳಿಯೂವಂಥಾ ಬೀಜ ಕಟ್ಟೂದಿಲ್ಲ” ಎಂದಳು ತನ್ನಷ್ಟಕ್ಕೆ. “ಗಿಡಾ ಚೊಕ್ಕ ಅದಾವು. ತೊಟ್ಟು, ಸಿಪ್ಪಿ ಕುದಿಯೂ ನೀರಿಗೆ ಹಾಕಿದ್ರ... ಬುಟ್ಟಿ, ಕತ್ರಿನೂ ಅದರಾಗ ಹಾಕ್ರಿ, ಕೈ ಎಲ್ಲಾರೂ ಸಾಬಾಣಾ ಹಚ್ಚಿ ತೊಳೀಬೇಕು...” ಅಷ್ಟು ಹೇಳುವಷ್ಟರಲ್ಲಿ ಅವಳ ತುಟಿ ಸಡಿಲಿ, ಈ ಮೂರು ತಿಂಗಳಲ್ಲಿ ಆ ಮನೆಯವರು ನೋಡಿರದ ನಗು ಹೊರಬಿತ್ತು. ಉಡಿಯ ಅಕ್ಕಿ ಕುಲುಕಾಡಿತು.

ನಾಶದ ಕಾರ್ಯ ಪಡಸಾಲೆಯಲ್ಲಿ, ತಾಟಿಟ್ಟುಕೊಂಡು, ಸಾಂಗವಾಗಿ ನಡೆಯಿತು. ಭಾಗ್ಯಜ್ಯೋತಿ ಎರಡು ಹಣ್ಣನ್ನು ನಾಶಪಡಿಸಿದಳು. ಒಂದು ಅವಳ ಪಾಲಿನದು, ಇನ್ನೊಂದು ಒಳಗಿದ್ದವರದು ಎಂದು ಸಾವಿತ್ರೆವ್ವ ತೀರ್ಮಾನಿಸಿದಳು. ಸಾಕ್ಷಿಗೆ ಒಬ್ಬ ಬೇಕೆಂದು ಇಮಾಮಸಾಬನನ್ನು ಒಳಕ್ಕೆ ಕರೆದರು.

“ನಾ ಡ್ಯೂಟಿ ಮ್ಯಾಲ ಅದೀನ್ರಿ” ಎಂದ ಅವನು, ಕೈಗಿತ್ತ ಹಣ್ಣನ್ನು ಅನುಮಾನದಿಂದ ನೋಡುತ್ತ.

“ಇದೂ ಡ್ಯೂಟಿನ. ತೊಟ್ಟು ಮಾತ್ರ ಹೊರಗ ಒಯ್ಯಬ್ಯಾಡ್ರಿ” ಎಂದಳು ಭಾಗ್ಯಜ್ಯೋತಿ.

ತಿಂದು, ಬೆರಳು ನೆಕ್ಕಿ, “ಭಾಳ ಮಸ್ತ ಐತ್ರಿ. ಯಾರ ಗಿಡಾರಿ ಇವು?” ಎಂದ.

“ಯಾರವು ಅಂದ್ರ?” ಸಾವಿತ್ರೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಹುನಗುಂದದ ಸುನಂದಾನವು. ಪರದೇಶದಿಂದ ತರಿಸ್ಯಾಳ. ಸರ್ಕಾರಕ್ಕ ಎರಡೆರಡು ಸಲ ಫೀ ಕಟ್ಯಾಳ, ರಸೀದಿ ಐತಿ.”

ಸ್ವಂತ ಪಾಲಿನ ಹಣ್ಣನ್ನು ಬಾಯಿಗಿಟ್ಟುಕೊಳ್ಳುತ್ತಿದ್ದ ಸುನಂದಾ ಅಲ್ಲೇ ನಿಂತಳು. ಬದಾಮ್ಯಾಕಿ ಎಂದಿರಲಿಲ್ಲ. ಅತ್ತೆಗೆ ತಾನೇನು ಹೇಳಿದೆನೆಂಬ ಖಬರಿರಲಿಲ್ಲ. ಹಲ್ಲಿಲ್ಲದ ದವಡೆಯಲ್ಲಿ ಅಂಜೂರ ಹೊರಳಿಸುತ್ತಿದ್ದಳು. ಸುನಂದಾ ಕಣ್ಣು ಮುಚ್ಚಿ ಕಚ್ಚಿದಳು. ಜೇನಿನಂತೆ ತುಸು, ಎಳೆ ಕಬ್ಬಿನಂತೆ ತುಸು. ಸೆರಗು, ಒಡಲು ಸೇರಿ ಇಡೀ ಇಳಕಲ್ ಸೀರೆಯೊಂದು ನಾಲಿಗೆಯ ಮೇಲೆ ಬಿಚ್ಚಿಕೊಂಡಂತಾಯಿತು. ಅವಸರವಿಲ್ಲದೆ ಅಗಿದಳು.

“ಹೊಳಿ ದಂಡಿ ಅತ್ತಿಹಣ್ಣಿನಂಗ ಐತಿ” ಎಂದಳು ಸಾವಿತ್ರೆವ್ವ. “ಅದು ಪುಕ್ಕಟ ಸಿಗ್ತೈತಿ.” ಹಾಗೆಂದು ತಾಟಿಗಂಟಿದ ರಸವನ್ನೂ ಬೆರಳಲ್ಲಿ ಒರೆಸಿ ಬಾಯಿಗಿಟ್ಟಳು.

ಭಾಗ್ಯಜ್ಯೋತಿ ಸಹಿ ಹಾಕಿದಳು, ಮೊಹರು ಒತ್ತಿದಳು. ಅಕ್ಕಿ, ಖಣ, ಕೊಬ್ಬರಿ ಬಟ್ಟಲಿನ ಉಡಿ ಕಟ್ಟಿಕೊಂಡು ಯಾವ ಕಾಯ್ದೆಯನ್ನೂ ಮುರಿಯದೆ ಗೇಟು ದಾಟಿದಳು. ಜೀಪು ರಸ್ತೆಗಿಳಿಯುವ ಮೊದಲೇ ಸಾವಿತ್ರೆವ್ವ ವಿಭೂತಿಯ ಗಟ್ಟಿಯನ್ನು ಹಿಡಿದು ಬಲೆಮನೆಯ ಬಾಗಿಲಲ್ಲಿದ್ದಳು.

“ಈಗರ ಮುಟ್ಟಬಹುದೇನವಾ?”

“ಮುಟ್ರಿ ಅತ್ಯಾರ.”

ಸಂಜೆ ವಿಜಯಮಹಾಂತೇಶ ಸಾಲಿಯಿಂದ ಬಂದಾಗ ಹನ್ನೆರಡು ಕುಂಡಗಳೂ ಪಟ್ಟೆ ಹಚ್ಚಿಕೊಂಡು ಅಂಗಳದಲ್ಲಿ ಸಾಲಾಗಿ ಕೂತಿದ್ದವು. ಬಿಡುಗಡೆ ಪತ್ರವನ್ನು ಸುನಂದಾ ಗೋಡೆಯಲ್ಲಿನ ದೇವರ ಮಾಡದ ಬದಿಗೆ ಇಟ್ಟಿದ್ದಳು. ಅವನು ಕನ್ನಡಕ ಸರಿಮಾಡಿಕೊಂಡು ಅದನ್ನು ಗಟ್ಟಿಯಾಗಿ ಓದಿದ. ಕೊನೆಯ ಸಾಲಿಗೆ ಬಂದು ದನಿ ಇಳಿಯಿತು.

“‘ಮಾಗಿದ ಐದು ಹಣ್ಣುಗಳನ್ನು ಆವರಣದೊಳಗೆ, ತಜ್ಞರ ಹಾಗೂ ಸಾಕ್ಷಿಯ ಸಮ್ಮುಖದಲ್ಲಿ ಸಂಪೂರ್ಣವಾಗಿ ನಾಶಪಡಿಸಲಾಯಿತು.’ ಅಯ್ಯ ಸುನಂದಾ, ಐದಕ್ಕ ಐದೂನು? ಒಂದರ ಮುಚ್ಚಿಟ್ಟು ನನಗ ಕೊಡಬಾರದಾಗಿತ್ತೇನ? ಹೆಂಗ ಇರ್ತಾವಂತ ಗೊತ್ತರ ಆಗ್ತಿತ್ತು.”

ಸುನಂದಾ ಅತ್ತೆಯನ್ನು ನೋಡಿದಳು. ಅತ್ತೆ ಸುನಂದಾಳನ್ನು ನೋಡಿದಳು. ಮೂವತ್ತು ವರ್ಷದಲ್ಲಿ ಇಬ್ಬರೂ ಒಂದೇ ಕಾರಣಕ್ಕೆ ತುಟಿ ಬಿಗಿಹಿಡಿದದ್ದು ಅದೇ ಮೊದಲು.

“ಕಾಯ್ದೆ ಅಂದ್ರ ಕಾಯ್ದೆಪಾ” ಎಂದಳು ಸಾವಿತ್ರೆವ್ವ, ಸೆರಗಿನಿಂದ ಬಾಯಿಯ ಅಂಚು ಒರೆಸಿಕೊಳ್ಳುತ್ತ. “ಸರ್ಕಾರದ ಮಾತು ಮೀರಬಾರದು. ಚೀಲದಾಗ ಏನ ತಂದೀ?”

“ಬಾಳಿಹಣ್ಣು. ನೀನ ಹೇಳಿದ್ದಿಯಲ್ಲ.”

“ಹಂಗಾರ ನೀ ಬಾಳಿಹಣ್ಣು ತಿನ್ನು.”